ಬಿಸಿ ತಡೆಯುವ ಗಾಡಿ

ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನಕ್ಕೆ, ಸೆಕೆಂಡ್‌ಹ್ಯಾಂಡ್ ಗಾಡಿ ಹುಡುಕುವ ನಮ್ಮ ಕಡೆಯವರಿಗಾಗಿ ಈ ಬರಹ. ದಾವಣಗೆರೆ ಬೈಪಾಸಿನಲ್ಲಿ ಬೆಂಗಳೂರು ದಿಕ್ಕಿಗೆ ಮುಖ ಮಾಡಿ ನಿಂತರೆ ಕಾಲ ಕೆಳಗಿರುವುದು ರಾಷ್ಟ್ರೀಯ ಹೆದ್ದಾರಿ 48. ಚಿತ್ರದುರ್ಗ, ತುಮಕೂರು, ಬೆಂಗಳೂರು ಆಗಿ, ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರ ದಾಟಿದ ಮೇಲೂ ಅದರ ನಂಬರ್ 48. ಚೆನ್ನೈಗೆ ಇನ್ನೂ ಸುಮಾರು 40 ಕಿ.ಮೀ. ಇರುವಾಗ ಇರುಂಗಾಟ್ಟುಕೋಟೆ ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 3.7 ಕಿ.ಮೀ. ಉದ್ದದ ಟ್ರ್ಯಾಕ್ ಇರುವುದು ಅಲ್ಲಿ. ದಾವಣಗೆರೆಯಿಂದ ಲೆಕ್ಕ ಹಾಕಿದರೆ ಸುಮಾರು 570 ಕಿ.ಮೀ., ಚಿತ್ರದುರ್ಗದವರಿಗೆ ಅದರಲ್ಲಿ 60 ಕಮ್ಮಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ.ಯ ಚಿಕ್ಕ ಟ್ರ್ಯಾಕ್, ಬೆಂಗಳೂರಿನ ಮೇಲೆ ಹೋದರೆ ದೂರ ಆರುನೂರು ಮೀರುತ್ತದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.1 ಕಿ.ಮೀ.ಯ ಭವ್ಯ ಜಾಗ, ಆದರೆ ಹೆಚ್ಚುಕಮ್ಮಿ ಎರಡು ಸಾವಿರ ಕಿ.ಮೀ. ದೂರದ ಹಾದಿ.

ಈ ದೂರವೇ ನಮ್ಮ ಕಡೆಯವರ ಆಯ್ಕೆಯನ್ನು ತೀರ್ಮಾನಿಸುತ್ತದೆ. ಚೆನ್ನೈನಲ್ಲಿ ಮನೆ ಇರುವವರು ಗಾಡಿ ಕೆಟ್ಟರೆ ಸಂಜೆಗೆ ಟೋ ಮಾಡಿಸಿಕೊಂಡು ಹೋಗುತ್ತಾರೆ. ಇಲ್ಲಿಂದ ಹೋದ ಕಾರು 570 ಕಿ.ಮೀ. ಓಡಿ, ಹದಿನೈದಿಪ್ಪತ್ತು ನಿಮಿಷದ ಐದಾರು ಸೆಷನ್ ಬಡಿಸಿಕೊಂಡು, ಮತ್ತೆ 570 ಕಿ.ಮೀ. ಓಡಿ ವಾಪಸ್ ಬರಬೇಕು. ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ಹುಡುಕುವಾಗ ಎಷ್ಟು ಕುದುರೆಶಕ್ತಿ ಎಂದು ಕೇಳುವ ಮೊದಲು, ಈ ಗಾಡಿ ಎಷ್ಟು ಬಿಸಿ ತಡೆಯುತ್ತದೆ, ಹುಟ್ಟಿದ ಬಿಸಿಯನ್ನು ಎಷ್ಟು ಬೇಗ ಹೊರಗೆ ಹಾಕುತ್ತದೆ ಎಂದು ಕೇಳಬೇಕು. ಟ್ರ್ಯಾಕಿನಲ್ಲಿ ಕಾರು ಸಾಯುವುದು ಹೆಚ್ಚಾಗಿ ಬಿಸಿಯಿಂದ.

ಲೆಕ್ಕ ನೋಡಿ. 1,100 ಕಿಲೋ ತೂಕದ ಹ್ಯಾಚ್‌ಬ್ಯಾಕ್ ನೇರ ದಾರಿಯ ಕೊನೆಯಲ್ಲಿ 160 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕು ಎಂದುಕೊಳ್ಳಿ. ಬ್ರೇಕುಗಳು ಸುಮಾರು 930 ಕಿಲೋಜೂಲ್ ಶಕ್ತಿಯನ್ನು ಶಾಖವಾಗಿ ನುಂಗಬೇಕು. 30 ಡಿಗ್ರಿಯಲ್ಲಿರುವ ಮೂರು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು, ಅದು ಹುಟ್ಟುವುದು ನಾಲ್ಕು ಸೆಕೆಂಡಿನೊಳಗೆ. ಅದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಡಿಸ್ಕಿನ ಮೇಲೆ. ಎರಡು ನಿಮಿಷದಲ್ಲಿ ಅದೇ ತಿರುವು ಮತ್ತೆ ಬರುತ್ತದೆ, ನಡುವೆ ಬೇರೆ ತಿರುವುಗಳೂ ಇರುತ್ತವೆ. ಕಾರು 1,450 ಕಿಲೋ ಆದರೆ ಅದೇ ಜಾಗದಲ್ಲಿ ಹುಟ್ಟುವ ಶಾಖ ಮೂರನೇ ಒಂದು ಪಾಲಿನಷ್ಟು ಹೆಚ್ಚು. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಹಗುರ ಗಾಡಿ ತಗೊಳ್ಳಿ ಎಂದು ಬಲ್ಲವರು ಹಟ ಹಿಡಿದು ಹೇಳುವುದು ಇದಕ್ಕೇ. ಹಗುರ ಕಾರಿನಲ್ಲಿ ಬ್ರೇಕ್ ಪ್ಯಾಡ್, ಡಿಸ್ಕ್, ಟೈರ್, ಸಸ್ಪೆನ್ಷನ್ನಿನ ರಬ್ಬರ್ ಬುಷ್ ಎಲ್ಲವೂ ಹೆಚ್ಚು ದಿನ ಬರುತ್ತವೆ. ಕರಿ ಟ್ರ್ಯಾಕಿಗೆ ಹೆಸರು ಕೊಟ್ಟ ಎಸ್. ಕರಿವರ್ಧನ್ ಮಾರುತಿ 800ರ ಚಿಕ್ಕ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ನಮ್ಮ ದೇಶದ ಒಂದು ತಲೆಮಾರು ರೇಸಿಂಗ್ ಕಲಿತದ್ದು ಅಂಥ ಗಾಡಿಗಳಲ್ಲಿ. ನಮ್ಮೂರಿನ ಹಾಗೇ ಹತ್ತಿ ಗಿರಣಿಗಳಿಂದ ಹೆಸರಾದ ಕೊಯಮತ್ತೂರಿನಿಂದ ಬಂದ ಬುದ್ಧಿ ಅದು, ನೆನಪಿಡಬೇಕಾದ್ದು.

ಹಾಗಾದರೆ ಯಾವ ಕಾರು? ನಮ್ಮ ಮಾರುಕಟ್ಟೆಯಲ್ಲಿ ಸಿಗುವವನ್ನೇ ನೋಡೋಣ.

ಮಾರುತಿಯ ಬಲೆನೊ ಆರ್‌ಎಸ್ 2017ರಲ್ಲಿ ಬಂತು. 1.0 ಲೀಟರ್ ಟರ್ಬೊ, 102 ಪಿಎಸ್ (ಹೆಚ್ಚುಕಮ್ಮಿ ಕುದುರೆಶಕ್ತಿಯೇ), ನಾಲ್ಕೂ ಚಕ್ರಕ್ಕೆ ಡಿಸ್ಕ್, ತೂಕ ಸುಮಾರು 950 ಕಿಲೋ. ಕಾಗದದ ಮೇಲೆ ಸಾಧಾರಣ, ಆದರೆ ಶಾಖದ ಲೆಕ್ಕದಲ್ಲಿ ಬಹಳ ಮೇಲೆ ನಿಲ್ಲುವ ಗಾಡಿ. ಬಾಡಿ, ಸಸ್ಪೆನ್ಷನ್ ಸಾಮಾನು ಯಾವ ತಾಲೂಕಿನಲ್ಲಾದರೂ ಸಿಗುತ್ತದೆ. ಅದೇ ಕುಟುಂಬದ ಎಂಜಿನ್ ಮುಂದೆ ಫ್ರಾಂಕ್ಸ್‌ನಲ್ಲೂ ಬಂದದ್ದರಿಂದ ಎಂಜಿನ್ ಸಾಮಾನಿನ ಚಿಂತೆಯೂ ಕಮ್ಮಿಯಾಗಿದೆ. ಮೊದಲ ಟ್ರ್ಯಾಕ್ ಕಾರಿಗೆ ನನ್ನ ಮತ ಇದಕ್ಕೇ.

ಫೋಕ್ಸ್‌ವ್ಯಾಗನ್ ಪೊಲೊದಲ್ಲಿ ಎರಡು ಬಗೆ ಇದೆ, ಗೊಂದಲ ಮಾಡಿಕೊಳ್ಳಬಾರದು. 2013ರಿಂದ ಬಂದ ಜಿಟಿ ಟಿಎಸ್‌ಐ 1.2 ಲೀಟರ್, 105 ಪಿಎಸ್, ಜೊತೆಗೆ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆ ಗೇರ್‌ಬಾಕ್ಸಿನ ಎರಡೂ ಕ್ಲಚ್ ಒಣ ಕ್ಲಚ್. ಎಣ್ಣೆಯಲ್ಲಿ ಮುಳುಗಿಲ್ಲದ ಕ್ಲಚ್ಚಿಗೆ ಬಿಸಿಯನ್ನು ಸಾಗಿಸುವ ದಾರಿ ಕಮ್ಮಿ, ಗೇರ್ ಬದಲಿಸುವುದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ಬಿಲ್ಲು ದೊಡ್ಡದು. ಈ 1.2 ಎಂಜಿನ್ನಿನ ಟೈಮಿಂಗ್ ಚೈನ್ ಹಿಗ್ಗುವುದೂ ಗೊತ್ತಿರುವ ರೋಗ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಒಂದೆರಡು ಸೆಕೆಂಡ್ ಗಲಗಲ ಸದ್ದು ಬಂದರೆ ಅದೇ ಸುಳಿವು. 2020ರಲ್ಲಿ ಬಂದ 1.0 ಟಿಎಸ್‌ಐ 110 ಪಿಎಸ್, ಟೈಮಿಂಗ್ ಚೈನಿನ ಬದಲು ಬೆಲ್ಟ್ ಇರುವ ಎಂಜಿನ್. ಅದಕ್ಕೆ ಆರು ಗೇರಿನ ಮ್ಯಾನುಯಲ್ ಸಿಗುತ್ತದೆ. ಟ್ರ್ಯಾಕಿಗೆ ಬೇಕಾದದ್ದು ಆ ಮ್ಯಾನುಯಲ್. ಎರಡಕ್ಕೂ ಹಿಂದೆ ಡ್ರಮ್ ಬ್ರೇಕೇ, ಅದು ಅಷ್ಟು ದೊಡ್ಡ ಕೊರತೆ ಅಲ್ಲ.

ಫಿಯಟ್‌ನ ಅಬಾರ್ತ್ ಪುಂಟೊ 2015ರದ್ದು. 145 ಪಿಎಸ್, 212 ನ್ಯೂಟನ್ ಮೀಟರ್, ನಾಲ್ಕು ಡಿಸ್ಕ್, ಐದು ಗೇರಿನ ಮ್ಯಾನುಯಲ್. ಸ್ಟೀರಿಂಗಿನ ಮಾತಿಗೆ ಬಂದರೆ ಈ ಪಟ್ಟಿಯಲ್ಲಿ ಇದರಷ್ಟು ಕೈಗೆ ಸುದ್ದಿ ಮುಟ್ಟಿಸುವ ಕಾರು ಇನ್ನೊಂದಿಲ್ಲ. ಕಂಪನಿ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ, ಆದ್ದರಿಂದ ಕೊಳ್ಳುವ ಮುಂಚೆಯೇ ಟೈಮಿಂಗ್ ಬೆಲ್ಟ್ ಕಿಟ್, ಕ್ಲಚ್ ಸೆಟ್, ಲೋವರ್ ಆರ್ಮ್ ಎಲ್ಲಿ ಸಿಗುತ್ತದೆ ಎಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಸಿಗುತ್ತದೆ ಎಂದರೆ ಗಾಡಿಗೆ ಅಡ್ವಾನ್ಸ್ ಕೊಡಿ.

2000ದಿಂದ 2003ರ ನಡುವಿನ ಹೊಂಡಾ ಸಿಟಿ ವಿಟೆಕ್, 106 ಪಿಎಸ್, ಇವತ್ತಿಗೂ ಜನ ಹುಡುಕಿಕೊಂಡು ಹೋಗುವ ಕಾರು. ಹಗುರ, ಮೇಲಿನ ಆರ್‌ಪಿಎಂನಲ್ಲಿ ಹಾಡುವ ಎಂಜಿನ್. ಆದರೆ ಎಲ್ಲವೂ ಇಪ್ಪತ್ತು ವರ್ಷ ದಾಟಿದ ಗಾಡಿಗಳು. ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಕಮಾನು, ಫ್ಲೋರ್, ಈ ಮೂರು ಕಡೆ ತುಕ್ಕು ಹಿಡಿದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ ಬಿಟ್ಟುಬಿಡಿ. 15 ವರ್ಷ ಆದ ಮೇಲೆ ಆರ್‌ಸಿ ನವೀಕರಣ, ಆಮೇಲೆ ಐದೈದು ವರ್ಷಕ್ಕೆ ಮತ್ತೆ ಎಫ್‌ಸಿ. 20 ವರ್ಷ ಮೀರಿದ ಗಾಡಿಗಳ ನವೀಕರಣ ಶುಲ್ಕ 2025ರಲ್ಲಿ ಜೋರಾಗಿ ಏರಿದೆ, ಅದನ್ನೂ ಬೆಲೆಯೊಳಗೆ ಸೇರಿಸಿಕೊಳ್ಳಿ.

ಮೇಲಿನ ದರ್ಜೆಯಲ್ಲಿ 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ: 230 ಪಿಎಸ್, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಆರು ಗೇರಿನ ಡಿಎಸ್‌ಜಿ. ಆ ಗೇರ್‌ಬಾಕ್ಸಿಗೆ 60,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ರಸೀದಿ ಇರಲೇಬೇಕು. ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಸೇರಿದ ಪ್ಲಾಸ್ಟಿಕ್ ಹೌಸಿಂಗಿನಿಂದ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಸೋರುವುದು ಈ ಎಂಜಿನ್ನಿನ ದೌರ್ಬಲ್ಯ; ಅದರ ಕೆಳಗೆ ಗುಲಾಬಿ ಬಣ್ಣದ ಒಣಗಿದ ಕಲೆ ಇದೆಯಾ ಎಂದು ಟಾರ್ಚ್ ಬಿಟ್ಟು ನೋಡಿ. ಅದಕ್ಕೂ ಮೇಲೆ ಹೋಗಿ ಪೋರ್ಷೆ ಬಾಕ್ಸ್‌ಟರ್, ಕೇಮನ್ ನೋಡುವವರು 2009ರ ಗೆರೆಯನ್ನು ಮರೆಯಬಾರದು. 2008ರವರೆಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕಿನಿಂದ ಕ್ಯಾಮಿನ ಕಡೆಗೆ ಚಾಲನೆ ಸಾಗಿಸುವ ಇಂಟರ್‌ಮೀಡಿಯೇಟ್ ಶಾಫ್ಟಿನ ಬೇರಿಂಗ್ ಒಡೆಯುವ ಅಪಾಯ ಇದೆ, ಒಡೆದರೆ ಎಂಜಿನ್ನೇ ಹೋಗುತ್ತದೆ. 2009ರ ಹೊಸ ವಿನ್ಯಾಸದಲ್ಲಿ ಆ ಶಾಫ್ಟೇ ಇಲ್ಲ. ಹಳೆಯದನ್ನು ನೋಡುತ್ತಿದ್ದರೆ ಆಯಿಲ್ ಫಿಲ್ಟರ್ ಬಿಚ್ಚಿ, ಕಾಗದದ ಮಡಿಕೆಗಳನ್ನು ಹರಡಿ ಲೋಹದ ಚೂರು ಹುಡುಕಬೇಕು, ಸಿಲಿಂಡರಿನೊಳಗೆ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಬಿಟ್ಟು ಗೋಡೆಗಳಲ್ಲಿ ಗೀರು ನೋಡಬೇಕು. ಒಪ್ಪದ ಮಾಲೀಕರ ಗಾಡಿ ಬೇಡ.

ದುಡ್ಡಿನ ವಿಚಾರದಲ್ಲಿ ಒಂದೇ ಮಾತು. ಕೈಯಲ್ಲಿ ಏಳು ಲಕ್ಷ ಇದ್ದರೆ ಐದು ಲಕ್ಷದ ಗಾಡಿ ನೋಡಿ. ಉಳಿದ ಎರಡು ಲಕ್ಷ ಟೈರ್, ಪ್ಯಾಡ್, ಎಲ್ಲ ಬಗೆಯ ಆಯಿಲ್, ಬೆಲ್ಟ್, ಬುಷ್, ಮೊದಲ ಎರಡು ಟ್ರ್ಯಾಕ್ ಡೇಗಳ ಫೀಸು, ಪೆಟ್ರೋಲ್, ರೂಮು ಇವಕ್ಕೆ ಹೋಗುತ್ತದೆ. ಏಳೂ ಲಕ್ಷ ಸುರಿದು ಗಾಡಿ ತಂದವರ ಗಾಡಿ ಮನೆ ಮುಂದೆಯೇ ನಿಲ್ಲುತ್ತದೆ.

ಕಾಗದ ಪತ್ರ ಬೇಗ ಮುಗಿಸೋಣ. ಕೆಎ ನಂಬರಿನ ಗಾಡಿ ಆದರೆ ಜೀವಾವಧಿ ತೆರಿಗೆ ಮತ್ತೆ ಕಟ್ಟುವ ಗೋಜಿಲ್ಲ. ಫಾರಂ 29, 30 ಸಾಕು, ಸಾಲ ಇದ್ದರೆ ಬ್ಯಾಂಕಿನ ಫಾರಂ 35. ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ ತಂದು, ಮೊದಲ ಶೋರೂಂ ಇನ್‌ವಾಯ್ಸ್ ಇಟ್ಟು, ವಯಸ್ಸಿನ ಪ್ರಕಾರ ತೆರಿಗೆ ಕಟ್ಟಿ, ಕೆಎ 17 ಅಥವಾ ಕೆಎ 16ಕ್ಕೆ ತರಬೇಕು. ಕರ್ನಾಟಕದ ತೆರಿಗೆ ದರ ದೊಡ್ಡದು, 10ರಿಂದ 20 ಲಕ್ಷದ ಕಾರಿಗೆ 17 ಪರ್ಸೆಂಟ್, ಅದರ ಮೇಲಿನದಕ್ಕೆ 18, ಮೇಲೆ ಸೆಸ್. ದೆಹಲಿಯ ಗಾಡಿ ಎರಡು ಲಕ್ಷ ಅಗ್ಗ ಅನ್ನಿಸಿದ್ದು ಈ ಲೆಕ್ಕದಲ್ಲಿ ಕರಗಿಹೋಗಬಹುದು. ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಎಷ್ಟನೇ ಓನರ್, ಹೈಪಾಥಿಕೇಶನ್ (ಗಾಡಿಯ ಮೇಲಿನ ಸಾಲ), ವಿಮೆ, ಬಾಕಿ ಚಲನ್ ಎಲ್ಲ ನೋಡಿಕೊಳ್ಳಿ. ಕರಾವಳಿ ಗಾಡಿಗೆ ತುಕ್ಕಿನ ಭಯ. ಚೆನ್ನೈ, ಬೆಂಗಳೂರು, ಕೇರಳದ ಗಾಡಿಗೆ ನೆರೆಯ ಭಯ: ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯಾ, ಸೀಟಿನ ಹಳಿಯ ಬೋಲ್ಟು ತುಕ್ಕಾಗಿದೆಯಾ, ಫ್ಯೂಸ್ ಬಾಕ್ಸಿನ ತಾಮ್ರ ಹಸಿರಾಗಿದೆಯಾ ನೋಡಿ.

ಮಾಡಿಫೈ ಮಾಡಿದ ಗಾಡಿ ಬಗ್ಗೆ ಎಚ್ಚರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಗಾಡಿ ಟ್ರ್ಯಾಕಿಗೆ ರಸ್ತೆಯ ಮೇಲೇ ಓಡಿಹೋಗಬೇಕಲ್ಲ. ಅದಕ್ಕಿಂತ ದೊಡ್ಡ ಕಾರಣ ರೀಮ್ಯಾಪ್. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ತಿದ್ದಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿದ ಎಂಜಿನ್ ಎಷ್ಟು ದಿನ, ಎಷ್ಟು ಬಿಸಿಯಲ್ಲಿ ಓಡಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಮುಟ್ಟದ ಗಾಡಿಯೇ ಮೇಲು. ಟ್ರ್ಯಾಕಿನಲ್ಲಿ ಓಡಿದ ಗಾಡಿ ಎಂಬ ಒಂದೇ ಕಾರಣಕ್ಕೆ ಬೇಡ ಅನ್ನಬೇಕಿಲ್ಲ. ಪ್ರತಿ ಟ್ರ್ಯಾಕ್ ಡೇ ಆದ ಮೇಲೆ ಆಯಿಲ್ ಬದಲಿಸಿದ ರಸೀದಿ ಜೋಡಿಸಿಟ್ಟ ಮಾಲೀಕರ ಕಾರು, ಬರೀ ಶೋಕಿಗೆ ಓಡಿಸಿ ಸರ್ವಿಸ್ ತಪ್ಪಿಸಿದವರ ಕಾರಿಗಿಂತ ಎಷ್ಟೋ ಪಾಲು ಲೇಸು.

ಇನ್ನು ಗಾಡಿ ನೋಡುವ ಕೆಲಸ. ಮೊದಲು ಮೈ. ಪೇಂಟ್ ಗೇಜ್ ಇಟ್ಟರೆ ಕಂಪನಿ ಬಣ್ಣ 90ರಿಂದ 150 ಮೈಕ್ರಾನ್ ತೋರಿಸುತ್ತದೆ. 200 ದಾಟಿದರೆ ಮತ್ತೆ ಬಣ್ಣ ಹೊಡೆದಿದೆ, 500 ದಾಟಿದರೆ ಒಳಗೆ ಪುಟ್ಟಿ ಇದೆ. ಬಾಗಿಲಿಗೆ ಗೀಚು ಬಿದ್ದು ಬಣ್ಣ ಹೊಡೆಸಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕಣ್ಣಿಡಬೇಕಾದದ್ದು ಬೋನೆಟ್ ಕೆಳಗಿನ ಏಪ್ರನ್, ಸ್ಟ್ರಟ್ ಕೂರುವ ಗುಂಬ, ರೇಡಿಯೇಟರ್ ಹಿಡಿಯುವ ಅಡ್ಡಪಟ್ಟಿ, ಡಿಕ್ಕಿಯ ಸ್ಟೆಪ್ನಿ ಗುಂಡಿ ಇವುಗಳ ಮೇಲೆ. ಕಂಪನಿಯ ಸ್ಪಾಟ್ ವೆಲ್ಡ್ ಒಂದೇ ಅಂತರದಲ್ಲಿ ಸಣ್ಣ ಗುಳಿಗಳಾಗಿ ಕಾಣುತ್ತದೆ. ಡೆಂಟಿಂಗ್ ಶೆಡ್ಡಿನ ವೆಲ್ಡಿಂಗ್ ಗೆರೆಗೆರೆಯಾಗಿ ಉಬ್ಬಿರುತ್ತದೆ. ಚಾಸಿ ಸೊಟ್ಟಗಾದ ಕಾರಿನ ಅಲೈನ್‌ಮೆಂಟ್ ಎಂದಿಗೂ ಕೂರುವುದಿಲ್ಲ, ಟ್ರ್ಯಾಕಿನಲ್ಲಿ ಬಲ ತಿರುವಿನಲ್ಲಿ ಒಂದು ಥರ, ಎಡ ತಿರುವಿನಲ್ಲಿ ಇನ್ನೊಂದು ಥರ ನಡೆದುಕೊಳ್ಳುತ್ತದೆ.

ಎಂಜಿನ್ ನೋಡುವ ದಿನ ತಣ್ಣಗಿರುವಾಗಲೇ ಹೋಗಿ. ಮಾಲೀಕರು ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಮಾರನೇ ದಿನ ಬರುತ್ತೇನೆ ಎನ್ನಿ. ತಣ್ಣಗಿರುವ ರೇಡಿಯೇಟರ್ ಹೋಸ್ ಹಿಚುಕಿ ನೋಡಿ, ಗಟ್ಟಿಯಾಗಿ ಉಬ್ಬಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಮೂಲಕ ಸಿಲಿಂಡರಿನ ಒತ್ತಡ ಕೂಲಂಟಿಗೆ ನುಗ್ಗುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಜಿಡ್ಡು ಇದ್ದರೆ ನೀರು ಸೇರಿದೆ. ಖಚಿತ ಮಾಡಿಕೊಳ್ಳಲು ಬ್ಲಾಕ್ ಟೆಸ್ಟರ್ ಎಂಬ ಅಗ್ಗದ ಸಾಧನ ಇದೆ: ಕೂಲಂಟ್ ಟ್ಯಾಂಕಿನ ಬಾಯಿಗೆ ಇಟ್ಟು ಗಾಳಿ ಎಳೆದಾಗ ಅದರ ನೀಲಿ ದ್ರವ ಹಳದಿಯಾದರೆ ಹೊಗೆ ಸೋರುತ್ತಿದೆ.

ಕಂಪ್ರೆಶನ್ ಟೆಸ್ಟ್, ಅಂದರೆ ಸಿಲಿಂಡರುಗಳ ಒತ್ತಡದ ಪರೀಕ್ಷೆ, ಮಾಡಿಸದೆ ಟ್ರ್ಯಾಕಿಗೆಂದು ಗಾಡಿ ಕೊಳ್ಳಬಾರದು. ಎಂಜಿನ್ ಬಿಸಿ ಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್ಗೂ ಬಿಚ್ಚಿ, ಫ್ಯೂಯಲ್ ಪಂಪ್ ಮತ್ತು ಇಗ್ನಿಷನ್ ಫ್ಯೂಸ್ ತೆಗೆದು, ಆಕ್ಸಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೆ ಗೇಜ್ ಹಾಕಿ ಐದಾರು ಸುತ್ತು ಕ್ರ್ಯಾಂಕ್ ಮಾಡಬೇಕು. ಟರ್ಬೊ ಇಲ್ಲದ ಆರೋಗ್ಯದ ಪೆಟ್ರೋಲ್ ಎಂಜಿನ್ 170ರಿಂದ 200 ಪಿಎಸ್‌ಐ ತೋರಿಸುತ್ತದೆ. ಟರ್ಬೊ ಎಂಜಿನ್ನಿಗೆ ಅದರ ಮ್ಯಾನುಯಲ್ ಹೇಳಿದ ಅಂಕಿ. ಅಂಕಿಗಿಂತ ಮುಖ್ಯ ಸಿಲಿಂಡರುಗಳ ನಡುವಿನ ಸಮ. ಹತ್ತು ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಪರೀಕ್ಷೆಗೆ ಒಂದೂವರೆ ಗಂಟೆ ಬೇಕು, ಒಳ್ಳೆಯ ಮೆಕ್ಯಾನಿಕ್ ಅವಸರ ಮಾಡುವುದಿಲ್ಲ.

ಆಮೇಲೆ ನಮ್ಮ ಬಯಲುಸೀಮೆಯೇ ಕೊಡುವ ಪರೀಕ್ಷೆ. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದ ಕಡೆ ಅರ್ಧ ಗಂಟೆ ಹೆದ್ದಾರಿಯ ಮಿತಿಯೊಳಗೇ ಓಡಿಸಿ, ಬಂದು, ಎಸಿ ಹಾಕಿ, ಇಪ್ಪತ್ತು ನಿಮಿಷ ಬಿಸಿಲಲ್ಲೇ ಐಡಲ್ ಬಿಡಿ. ಕಾರಿನ ಕಂಪ್ಯೂಟರಿಗೆ ಚುಚ್ಚಿ ಅದರ ಮಾಹಿತಿ ಓದುವ ಒಬಿಡಿ ಸ್ಕ್ಯಾನರಿನಲ್ಲಿ ಕೂಲಂಟ್ ತಾಪ ನೋಡುತ್ತಿರಿ. ಡ್ಯಾಶ್‌ಬೋರ್ಡಿನ ಮುಳ್ಳು ನಂಬುವಂಥದ್ದಲ್ಲ, ಬಹಳ ಕಾರುಗಳಲ್ಲಿ ಅದು ಒಂದು ದೊಡ್ಡ ವ್ಯಾಪ್ತಿಯಲ್ಲಿ ನಡುಮಧ್ಯೆ ನಿಂತೇ ಇರುತ್ತದೆ. 90ರಿಂದ 105 ಡಿಗ್ರಿಯ ನಡುವೆ ಏರಿ, ಫ್ಯಾನ್ ಬಂದು, ಇಳಿದು, ಮತ್ತೆ ಏರಿದರೆ ಸರಿ. ನಿಲ್ಲದೆ 110 ದಾಟಿದರೆ ಫ್ಯಾನ್, ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್, ಇವುಗಳಲ್ಲಿ ಒಂದು. ಬೆಂಗಳೂರಿನ ತಂಪಿನಲ್ಲಿ ಅಡಗಿಕೊಳ್ಳುವ ರೋಗ ಇಲ್ಲಿ ಹೊರಬರುತ್ತದೆ.

ರೇಡಿಯೇಟರ್ ಕಟ್ಟಿಕೊಳ್ಳಲು ನಮ್ಮ ಕಡೆ ಒಂದು ವಿಶೇಷ ಕಾರಣವೂ ಇದೆ. ಜಗಳೂರು, ಚಳ್ಳಕೆರೆ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಮನೆಯ ಬಿಂದಿಗೆ, ಗೀಸರ್ ನೋಡಿದವರಿಗೆ ಗೊತ್ತು. ಅದೇ ನೀರನ್ನು ರೇಡಿಯೇಟರಿಗೆ ಸುರಿದ ಗಾಡಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಬಿಳಿ ಸುಣ್ಣದ ಪದರ ತೆಳುವಾಗಿ ಕೂತರೂ ಶಾಖ ದಾಟುವುದಕ್ಕೆ ಕಂಬಳಿ ಹೊದಿಸಿದ ಹಾಗೆ. ಊರೊಳಗೆ ಓಡಾಡುವಾಗ ಗೊತ್ತಾಗದು, ಟ್ರ್ಯಾಕಿನ ಮೂರನೇ ಲ್ಯಾಪಿಗೆ ಗೊತ್ತಾಗುತ್ತದೆ. ಮುಚ್ಚಳ ತೆಗೆದಾಗ ಬಾಯಿಯಲ್ಲಿ ಬಿಳಿ ಹುಡಿ ಅಥವಾ ತುಕ್ಕಿನ ಕೆಸರು ಕಂಡರೆ ಹೊಸ ರೇಡಿಯೇಟರಿನ ಬೆಲೆ ಕಳೆದು ಮಾತಾಡಿ. ತಂದ ಮೇಲೆ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಮಾತ್ರ. ಮುಚ್ಚಳವನ್ನೂ ಹೊಸದು ಹಾಕಿ: 1.1 ಬಾರ್ ಒತ್ತಡ ಹಿಡಿಯುವ ಮುಚ್ಚಳದಿಂದಲೇ ಒಳಗಿನ ನೀರು 120 ಡಿಗ್ರಿವರೆಗೂ ಕುದಿಯದೆ ಇರುವುದು. ಸ್ಪ್ರಿಂಗ್ ಸಡಿಲವಾದರೆ ಆ ರಕ್ಷಣೆ ಹೋಯಿತು.

ಓಡಿಸುವಾಗ ನಾಲ್ಕನೇ ಗೇರಿನಲ್ಲಿ 50ರಲ್ಲಿದ್ದು ಪೂರ್ತಿ ಆಕ್ಸಲರೇಟರ್ ಕೊಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಎಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ. ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ಬೂಸ್ಟಿನಲ್ಲಿ ಬಂದರೆ ಟರ್ಬೊ ಸಂಶಯ. ಟರ್ಬೊದ ಗಾಳಿ ಪೈಪ್ ಬಿಚ್ಚಿ ಶಾಫ್ಟನ್ನು ಬೆರಳಲ್ಲಿ ಅಲುಗಿಸಿ: ಅಡ್ಡಕ್ಕೆ ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ, ಹಿಂದೆ ಮುಂದೆ ಅಲುಗಿದರೆ ಟರ್ಬೊ ಮುಗಿದಿದೆ. ಸ್ಕ್ಯಾನರಿನಲ್ಲಿ ದೋಷದ ಕೋಡ್ ಒಂದೂ ಇಲ್ಲದೆ ರೆಡಿನೆಸ್ ಮಾನಿಟರುಗಳೂ (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆ) ಅಪೂರ್ಣ ಎಂದು ತೋರಿಸಿದರೆ ಯಾರೋ ಇತ್ತೀಚೆಗಷ್ಟೇ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಕಳಚಿರಬಹುದು. ಐವತ್ತು, ನೂರು ಕಿ.ಮೀ. ಓಡಿಸಿ ಮತ್ತೆ ನೋಡುವವರೆಗೆ ಬೆಲೆ ಮಾತಾಡಬೇಡಿ.

ಚಕ್ರ ಬಿಚ್ಚಿ ಬ್ರೇಕ್ ನೋಡಿ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಕೆತ್ತಿರುತ್ತದೆ, ಹೊಸದರಲ್ಲಿ 22 ಮಿ.ಮೀ. ಇದ್ದದ್ದಕ್ಕೆ 19 ಎಂಬಂತೆ. ನೀಲಿ ಬಣ್ಣಕ್ಕೆ ತಿರುಗಿದ ಡಿಸ್ಕ್, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಸುಟ್ಟು ಒಡೆದ ರಬ್ಬರ್, ಪಕ್ಕದ ಬಾಲ್ ಜಾಯಿಂಟಿನ ಗಟ್ಟಿಯಾದ ಬೂಟ್, ಇವು ಆ ಗಾಡಿ ಹಿಂದೆ ಕಂಡ ಬಿಸಿಯ ದಾಖಲೆ. ಹರಿಹರ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸಿದ ಊರು, ನಮ್ಮ ಸುತ್ತಮುತ್ತ ಟರ್ನಿಂಗ್ ಕೆಲಸ ಚೆನ್ನಾಗಿ ಬಲ್ಲವರಿದ್ದಾರೆ. ಆದ್ದರಿಂದ ಅಲುಗುವ ಡಿಸ್ಕನ್ನು ಲೇತಿಗೆ ಹಾಕಿಸಿ ಸಪಾಟು ಮಾಡಿಸೋಣ ಎಂಬ ಸಲಹೆ ಬಂದೇ ಬರುತ್ತದೆ. ಊರೊಳಗೆ ಓಡುವ ಗಾಡಿಗೆ ಅದು ನ್ಯಾಯ. ಟ್ರ್ಯಾಕ್ ಗಾಡಿಗೆ ಬೇಡ. ತೆಗೆದ ಪ್ರತಿ ಮಿಲಿಮೀಟರ್ ಕಬ್ಬಿಣವೂ ಶಾಖ ಹಿಡಿದಿಡುವ ಜಾಗ. ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ, ಬೇಗ ಬಿರಿಯುತ್ತದೆ. ಹೊಸ ಡಿಸ್ಕ್ ಹಾಕಿ.

ಗಾಡಿ ಮನೆಗೆ ಬಂದ ಮೇಲೆ ಮಾಡುವ ಕೆಲಸಗಳಲ್ಲಿ ಜೀವಕ್ಕೆ ಹತ್ತಿರವಾದದ್ದು ಬ್ರೇಕ್ ಆಯಿಲ್. ಡಾಟ್ ಎಂಬುದು ಅದರ ದರ್ಜೆ; ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತದೆ, 3.7 ಪರ್ಸೆಂಟ್ ನೀರು ಸೇರಿದಾಗ ಆ ಮಿತಿ 155ಕ್ಕೆ ಬೀಳುತ್ತದೆ. ಡಾಟ್ 5.1ಕ್ಕೆ ಇದೇ ಅಂಕಿಗಳು 260 ಮತ್ತು 180. ರೇಸಿಗೆಂದೇ ಮಾಡಿದ ಡಾಟ್ 4 ಆಯಿಲುಗಳು 300 ದಾಟುತ್ತವೆ, ಆದರೆ ತೇವ ಬೇಗ ಹೀರುವುದರಿಂದ ಪದೇ ಪದೇ ಬದಲಿಸಬೇಕು. ಡಾಟ್ 5 ಎಂದಷ್ಟೇ ಬರೆದದ್ದು ಸಿಲಿಕೋನ್, ಅದನ್ನು ಈ ಕಾರುಗಳಿಗೆ ಹಾಕಲೇಬಾರದು. ಎರಡು ಮಳೆಗಾಲ ಕಂಡ ಆಯಿಲ್ ಇಟ್ಟುಕೊಂಡು ಟ್ರ್ಯಾಕಿಗೆ ಇಳಿದರೆ ಕ್ಯಾಲಿಪರಿನೊಳಗೆ ಆವಿಯ ಗುಳ್ಳೆ ಎದ್ದು, ಪೆಡಲ್ ನೆಲಕ್ಕೆ ಹೋಗುತ್ತದೆ.

ಹಳೆ ಆಯಿಲ್ ಬದಲಿಸಿ ಬ್ರೇಕ್ ಪೈಪಿನ ಏರ್ ತೆಗೆಯಲು ಒಂದು ಲೀಟರ್ ಇಟ್ಟುಕೊಳ್ಳಿ. ನಮ್ಮ ಬಲಗಡೆ ಸ್ಟೀರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ್ದು ಎಡ ಹಿಂದಿನ ಚಕ್ರ, ಅಲ್ಲಿಂದ ಶುರು. ಎಬಿಎಸ್ ಗಾಡಿಗಳಿಗೆ ಮ್ಯಾನುಯಲ್ ಬೇರೆ ಕ್ರಮ ಹೇಳಿದ್ದರೆ ಅದೇ ಅಂತಿಮ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬಳಿಯ ಏರ್ ನಿಪ್ಪಲ್ ಸಡಿಲಿಸಬೇಕು, ಮುಚ್ಚಿದ ಮೇಲೆಯೇ ಪೆಡಲ್ ಎತ್ತಬೇಕು. ಹಳೆ ಗಾಡಿಯಲ್ಲಿ ಪೆಡಲ್ಲನ್ನು ನೆಲದವರೆಗೆ ತುಳಿಯಬಾರದು. ದಿನನಿತ್ಯ ಓಡಿಸುವಾಗ ಮಾಸ್ಟರ್ ಸಿಲಿಂಡರಿನ ಸೀಲ್ ಓಡಾಡದ ಜಾಗದಲ್ಲಿ ತುಕ್ಕು, ಕೆಸರು ಕೂತಿರುತ್ತದೆ. ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಆ ಹಾನಿ ತಪ್ಪುತ್ತದೆ.

ಪ್ಯಾಡು ಕಂಪನಿಯದ್ದಿದ್ದರೆ ಟ್ರ್ಯಾಕಿಗೆ ಸಾಲದು. ಹೆಚ್ಚು ತಾಪ ತಡೆಯುವ ಪ್ಯಾಡ್ ಹಾಕಿ, ಟ್ರ್ಯಾಕಿನ ಮೊದಲ ಸೆಷನ್ನಿನಲ್ಲಿ 80ರಿಂದ 20ಕ್ಕೆ ಎಂಟು ಹತ್ತು ಸಲ ಗಟ್ಟಿಯಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಮೆಲ್ಲಗೆ ಓಡಿಸಿ ತಣಿಸಿ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿಕೊಳ್ಳಿ. ಹೆದ್ದಾರಿಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಮಾಡುವ ಕೆಲಸ ಅಲ್ಲ ಇದು. ಎರಡು ಬಗೆಯ ಬ್ರೇಕ್ ಸೋಲನ್ನು ಕಾಲಿನಿಂದಲೇ ಗುರುತಿಸಬಹುದು. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾದರೆ ಆಯಿಲ್ ಕುದಿದಿದೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಎರಡರಲ್ಲೂ ಆ ಲ್ಯಾಪ್ ಅಲ್ಲಿಗೇ ಬಿಟ್ಟು ಮೆಲ್ಲಗೆ ಪಿಟ್ಟಿಗೆ ಬನ್ನಿ.

ಎಂಜಿನ್ ಆಯಿಲ್ ಮ್ಯಾನುಯಲ್ ಹೇಳಿದ ದರ್ಜೆಯ ಫುಲ್ ಸಿಂಥೆಟಿಕ್, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೆ ಸರಿಯಾಗಿ. ಉದ್ದನೆಯ ತಿರುವಿನಲ್ಲಿ ಆಯಿಲ್ ಸಂಪಿನ, ಅಂದರೆ ಎಂಜಿನ್ ಕೆಳಗಿನ ಆಯಿಲ್ ತಟ್ಟೆಯ, ಒಂದು ಪಕ್ಕಕ್ಕೆ ಸರಿಯುತ್ತದೆ. ಮಟ್ಟ ಕೆಳಗಿದ್ದರೆ ಪಂಪ್ ಗಾಳಿ ಎಳೆದು, ಬೇರಿಂಗ್ ಒಣಗುತ್ತದೆ. ಎರಡು ಟ್ರ್ಯಾಕ್ ಡೇಗೆ ಒಮ್ಮೆ ಬದಲಿಸುವುದು ದುಂದು ಅಲ್ಲ. ಹಳೆ ಗಾಡಿಗಳ ಪೆಟ್ರೋಲ್ ಹೋಸನ್ನೂ ಹೊಸದು ಮಾಡಿ, ಈಗಿನ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲಿಗೆಂದು ಆ ಕಾಲದ ರಬ್ಬರ್ ತಯಾರಾಗಿರಲಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2323 ಎಂದರೆ 2023ರ 23ನೇ ವಾರ. ಐದು ವರ್ಷ ದಾಟಿದ್ದು ಬೇಡ, ಟೈರಿನ ಗೆರೆಗಳು ಎಷ್ಟೇ ಆಳ ಇರಲಿ. ತಣ್ಣಗಿರುವಾಗ 28ರಿಂದ 30 ಪಿಎಸ್‌ಐ ಇಟ್ಟು ಇಳಿಯಿರಿ, ಸೆಷನ್ ಮುಗಿದ ತಕ್ಷಣ ಅಳೆದು 34, 36ಕ್ಕೆ ಇಳಿಸಿ. ಪ್ರತಿ ಐದೂವರೆ ಡಿಗ್ರಿ ಬಿಸಿಗೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ವಾಪಸ್ ಹೊರಡುವ ಮುಂಚೆ ರಸ್ತೆಯ ಅಂಕಿಗೆ ಗಾಳಿ ತುಂಬಿಸುವುದನ್ನು ಮರೆಯಬೇಡಿ. ಚಕ್ರದ ಬೋಲ್ಟಿಗೆ ಟಾರ್ಕ್ ರೆಂಚ್ ಬೇಕೇ ಬೇಕು: ಪೊಲೊಗೆ 120 ನ್ಯೂಟನ್ ಮೀಟರ್, ಸಿಟಿಗೆ 108. ಪಂಕ್ಚರ್ ಅಂಗಡಿಯ ಗಾಳಿ ಗನ್ನಿನಲ್ಲಿ ಬಿಗಿಸಿದ್ದರೆ ಸಡಿಲಿಸಿ ಮತ್ತೆ ಕೈಯಲ್ಲಿ ಬಿಗಿಸಿ.

ವಿಮೆಯ ಬಗ್ಗೆ ಭ್ರಮೆ ಬೇಡ. ರೇಸಿಂಗ್, ವೇಗ ಪರೀಕ್ಷೆಗಳನ್ನು ನಮ್ಮ ಮೋಟಾರು ಪಾಲಿಸಿಗಳು ಹೊರಗಿಟ್ಟಿವೆ. ಟ್ರ್ಯಾಕಿನಲ್ಲಿ ಗೋಡೆಗೆ ತಾಗಿದರೆ ಆ ಖರ್ಚು ನಿಮ್ಮದೇ. ಕಳೆದುಕೊಂಡರೆ ಮನೆ ಅಲುಗಾಡದಷ್ಟು ಬೆಲೆಯ ಗಾಡಿಯನ್ನೇ ಟ್ರ್ಯಾಕಿಗೆ ಇಳಿಸಿ. ಸಾಲ ಮಾಡಿ ತಂದ ಕಾರನ್ನು ಇಳಿಸಬೇಡಿ ಎಂದು ಕೈ ಮುಗಿದು ಹೇಳುತ್ತೇನೆ. ಊರ ರಸ್ತೆಯಲ್ಲಿ ಅಭ್ಯಾಸ ಮಾಡುವ ಮಾತು ದೂರ ಇರಲಿ, ಕಾಯ್ದೆಯ 189ನೇ ಕಲಂ ಅದನ್ನು ಅಪರಾಧ ಎನ್ನುತ್ತದೆ. ಆ ರಸ್ತೆಯಲ್ಲಿ ಈರುಳ್ಳಿ ಟ್ರ್ಯಾಕ್ಟರ್ ಬರುತ್ತಿರುತ್ತದೆ, ಶಾಲೆ ಮಕ್ಕಳು ದಾಟುತ್ತಿರುತ್ತಾರೆ.

ಡಿಕ್ಕಿಯಲ್ಲಿ ಒಂದು ಸೆಟ್ ಮುಂದಿನ ಪ್ಯಾಡ್, ಬ್ರೇಕ್ ಆಯಿಲ್ ಒಂದು ಲೀಟರ್, ಎಂಜಿನ್ ಆಯಿಲ್ ಎರಡು ಲೀಟರ್, ಕೂಲಂಟ್, ಐದು ಲೀಟರ್ ಡಿಸ್ಟಿಲ್ಡ್ ವಾಟರ್, ಒಂದು ಇಗ್ನಿಷನ್ ಕಾಯಿಲ್, ಪ್ಲಗ್, ಜ್ಯಾಕ್, ಸ್ಟ್ಯಾಂಡ್, ಗಾಳಿ ಗೇಜು, ಚಕ್ರಕ್ಕೆ ಕೊಡಲು ಎರಡು ಮರದ ತುಂಡು. ಟ್ರ್ಯಾಕಿಗೆ ಇಳಿಯುವ ಮುನ್ನ ಇವನ್ನೆಲ್ಲ ಹೊರಗಿಳಿಸಿ, ಡ್ರೈವರ್ ಕಡೆಯ ಮ್ಯಾಟ್ ತೆಗೆದಿಡಿ, ಬ್ಯಾಟರಿ ಕ್ಲ್ಯಾಂಪ್ ಅಲುಗಿಸಿ ನೋಡಿ, ಟೋ ಹುಕ್ ಹಾಕಿ. ಹತ್ತಿಯ ತುಂಬುತೋಳಿನ ಅಂಗಿ, ಪ್ಯಾಂಟು, ತೆಳು ಅಟ್ಟೆಯ ಬೂಟು, ಒಳ್ಳೆಯ ಹೆಲ್ಮೆಟ್. ಸೆಷನ್ನಿನ ಕೊನೆಯ ಲ್ಯಾಪನ್ನು ಬ್ರೇಕ್ ಬಳಸದೆ ತಣಿಸಲು ಕೊಡಿ. ಪಿಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡರೆ ಅಚ್ಚು ಬಿದ್ದು ಆಮೇಲೆ ಪೆಡಲ್ ಅದುರುತ್ತದೆ. ಎರಡು ನಿಮಿಷ ಕಳೆದು ಗಾಡಿಯನ್ನು ಅರ್ಧ ಚಕ್ರ ಮುಂದಕ್ಕೆ ತಳ್ಳಿ, ಬೋನೆಟ್ ತೆರೆದಿಡಿ.

ಸಂಜೆ ಕೊನೆಯ ಸೆಷನ್ ಬಿಟ್ಟುಬಿಡುವುದು ದೂರದಿಂದ ಬಂದವರಿಗೆ ಒಳ್ಳೆಯದು. ದಣಿವು ಕಾಲಿಗೆ ಇಳಿದಿರುತ್ತದೆ, ಟೈರೂ ದಣಿದಿರುತ್ತದೆ. ರಾತ್ರಿ ಅಲ್ಲೇ ಉಳಿದು, ಬೆಳಗ್ಗೆ ತಣ್ಣಗಿರುವಾಗ ಆಯಿಲ್, ಕೂಲಂಟ್ ಮಟ್ಟ ನೋಡಿ, ಪ್ಯಾಡಿನಲ್ಲಿ ಇನ್ನೂ ಮೂರು ನಾಲ್ಕು ಮಿಲಿಮೀಟರ್ ಉಳಿದಿದೆಯಾ ಎಂದು ಚಕ್ರದ ಸಂದಿಯಿಂದ ಬೆಳಕು ಬಿಟ್ಟು ನೋಡಿ, ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಮಾಡಿ ಹೊರಡಿ. ವೆಲ್ಲೂರಿನ ಹತ್ತಿರ ಚಹಾಕ್ಕೆ ನಿಂತಾಗ ಗಾಡಿಯ ಕೆಳಗೆ ಬಗ್ಗಿ ನೋಡಿ, ಹನಿ ಬಿದ್ದಿರಬಾರದು. ಊರಿಗೆ ಬಂದ ಮೇಲೆ, ಅರ್ಧ ಉಳಿದ ಬ್ರೇಕ್ ಆಯಿಲ್ ಬಾಟಲಿಯನ್ನು ಮುಂದಿನ ಸಲಕ್ಕೆಂದು ಗ್ಯಾರೇಜಿನ ಶೆಲ್ಫಿನಲ್ಲಿ ಎತ್ತಿಡಬೇಡಿ. ಸೀಲ್ ಒಡೆದ ದಿನದಿಂದ ಅದು ತೇವ ಕುಡಿಯುತ್ತಿರುತ್ತದೆ.